ಅದಲುಬದಲು ಕಾಲು

ನೀಲಗಂಗಾಳ ಬಲಗಾಲು ಮುರಿದಾಗ ಬೆಳಗಿನ ನಡಿಗೆ ತಪ್ಪಬಾರದೆಂದು ಡಾಕ್ಟರು, ಎಲ್ಲರಿಗೂ ಮಾಡುವಂತೆ, ಗಂಡ ಚನ್ನವೀರಪ್ಪನ ಕಾಲನ್ನು ಆಕೆಗೂ ಆಕೆಯದನ್ನು ಗಂಡನಿಗೂ ಜೋಡಿಸಿ ಕಳಿಸಿದರು. ಆದರೆ ಚನ್ನವೀರಪ್ಪನ ಕಾಲು ದಿನಾ ಉಣಕಲ್ ಕೆರೆಯ ದಾರಿ ಬಿಟ್ಟು ಮಿರ್ಚಿ ಭಜಿ ಅಂಗಡಿಗೆ ಹೊರಳುತ್ತಿತ್ತು. ಇವತ್ತೂ ಅಷ್ಟೇ. ಆಕೆ ಗಿರಮಿಟ್ ಮಂಡಕ್ಕಿ ಪೊಟ್ಟಣ ಹಿಡಿದೇ ಮನೆಗೆ ಬಂದಳು.

“ಎಂಥಾ ಕಾಲು ಕೊಟ್ಟೀರಿ ನನಗ? ಶುಗರ್ ಇಳಸಾಕ ಹೋದ್ರ ಮಿರ್ಚಿ ತಿನಿಸಿ ಕಳಸ್ತೈತಿ.”

“ನಿನ್ನ ಕಾಲೇನ್ ಕಡಿಮಿ ಐತೇನು?” ಬಾಗಿಲಿಗೆ ಒರಗಿ ಏದುಸಿರು ಬಿಡುತ್ತಿದ್ದ ಚನ್ನವೀರಪ್ಪ ಸಿಡುಕಿದ. “ಆರು ಹೊಡದ್ರ ಸಾಕು, ಪ್ಲಾಸ್ಟರ್ ಸಮೇತ ನನ್ನ ಹೊರಗ ಎಳೀತೈತಿ.”

ನೀಲಗಂಗಾ ತನ್ನ ಆ ಕಾಲನ್ನು ಒಮ್ಮೆ ನೇವರಿಸೋಣವೆಂದು ಬಗ್ಗುವಷ್ಟರಲ್ಲಿ, ಗಂಡನ ಕಾಲು ಆಕೆಯನ್ನು ಸೋಫಾದತ್ತ ತಿರುಗಿಸಿತು.