ದೊರೆಯ ಬಾಯಿ

"ನಾಳೆಯಿಂದ ನೀನು ಬರಬೇಡ," ಎಂದ ಜಿಲ್ಲೆಯ ನ್ಯಾಯಾಧಿಕಾರಿ ಪರ್ಕಿನ್ಸ್ ದೊರೆ, ಅದೂ ನಮ್ಮ ಟ್ವಿ ಭಾಷೆಯಲ್ಲೇ. "ನಿಮ್ಮ ಭಾಷೆಯ ಪರೀಕ್ಷೆ ಪಾಸು ಮಾಡಿದ್ದೇನೆ. ಇನ್ನು ದುಭಾಷಿಗೆ ತಿಂಗಳಿಗೆ ಮೂರು ಪೌಂಡು ದಂಡ ಯಾಕೆ?"

ಕೋರ್ಟಿನ ದುಭಾಷಿ ಅಮೋವಾನಿಗೆ ಮೊದಲು ನೆನಪಾದದ್ದು ಮನೆಯ ಸೂರು. ಹೊಸ ಮನೆಗೆ ಅರ್ಧ ತಗಡು ಹೊದಿಸಿದ್ದ. ಇನ್ನರ್ಧಕ್ಕೆ ಆ ಸಂಬಳವೇ ಗತಿ. ಆದರೂ ಕಾಲು ಹಿಡಿಯುವ ಆಸಾಮಿಯಲ್ಲ. ಮರುದಿನ ಬಂದು ಜನರ ಬೆಂಚಿನಲ್ಲಿ ಕೂತ.

ಅವತ್ತು ಕೋಕೋ ತೋಟದ ತಕರಾರಿಗೆ ಸಾಕ್ಷಿ ಹೇಳಲು ನಮ್ಮ ಅರಸರು, ನಾನಾ ಓಬಿರಿ, ಬಂದಿದ್ದರು. ಪಕ್ಕದಲ್ಲಿ ಚಿನ್ನದ ಹಿಡಿಯ ಕೋಲು ಹಿಡಿದ ಮುದುಕ ಬೆಡಿಯಾಕೋ, ಅರಸರ ಮಾತುಗಾರ. ಅರಸರಿಗೆ ಏನು ಹೇಳುವುದಿದ್ದರೂ ಅವನ ಮೂಲಕವೇ.

ದೊರೆ ಗಂಟಲು ಸರಿಮಾಡಿಕೊಂಡು ನೇರ ಅರಸರನ್ನೇ ಕೇಳಿದ: "ನಾನಾ, ಆ ತೋಟ ಯಾರದು?" ಟ್ವಿ ಚೊಕ್ಕವಾಗೇ ಇತ್ತು, ಸುಳ್ಳು ಯಾಕೆ ಹೇಳಬೇಕು. ಅರಸರು ಗೋಡೆಯ ಹಲ್ಲಿ ನೋಡುತ್ತಾ ಕೂತರು. ಇನ್ನೊಮ್ಮೆ ಕೇಳಿದರೂ ಹಲ್ಲಿಯನ್ನೇ.

"ಇವರಿಗೆ ಕಿವಿ ಕೇಳಿಸಲ್ವಾ?"

"ಕೇಳಿಸುತ್ತೆ ದೊರೆ," ಎಂದ ಬೆಡಿಯಾಕೋ. "ಆದ್ರೆ ನಿಮ್ಮ ಕಡೆಯಿಂದ ಇನ್ನೂ ಯಾರೂ ಮಾತಾಡಿಲ್ಲ."

"ನಾನೇ ಆಡಿದೆನಲ್ಲ."

"ಅದೇ ನಮಗೂ ಸಂಕಟ. ಅರಸರ ಮುಂದೆ ಖುದ್ದು ಬಾಯಿ ತೆಗೆಯೋರು ಗತಿಯಿಲ್ಲದೋರು. ಇಷ್ಟು ದೊಡ್ಡ ಸರ್ಕಾರ, ಒಬ್ಬ ಮಾತುಗಾರನ್ನ ಸಾಕೋಕಾಗಲ್ವಾ ಅಂತ ಅರಸರಿಗೆ ಕನಿಕರ ಬಂದಿದೆ. ಬೇಕಾದ್ರೆ ಅರಮನೆಯಿಂದಾನೇ ಒಬ್ಬನ್ನ ಕಳಿಸ್ತಾರಂತೆ."

"ಪಾಪ, ಸರ್ಕಾರ ದಿವಾಳಿ," ಎಂದಿತು ಹಿಂದಿನ ಬೆಂಚು. ದಂಡ ಕಟ್ಟಲು ಬಂದಿದ್ದವನೊಬ್ಬ ದುಡ್ಡಿನ ಗಂಟನ್ನು ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲ ಕಡೆ ಹೊರಟ. ದೊರೆಯ ಮುಖ ನಮ್ಮ ಕಡೆಯ ಕೆಂಪು ತಾಳೆಣ್ಣೆಯ ಬಣ್ಣಕ್ಕೆ ತಿರುಗಿತು.

"ಅಮೋವಾ, ಬಾ ಇಲ್ಲಿ. ಅದೇ ಮೂರು ಪೌಂಡು."

"ಈಗ ನಾಲ್ಕು, ದೊರೆ. ಮೊದಲು ನೀವು ಇಂಗ್ಲಿಷಲ್ಲಿ ಹೇಳ್ತಿದ್ರಿ, ನಾನು ಮರೆತ ಕಡೆ ಏನೋ ಸೇರಿಸಿ ಟ್ವಿಯಲ್ಲಿ ಹೇಳ್ತಿದ್ದೆ. ಈಗ ಟ್ವಿ ನಿಮಗೂ ಗೊತ್ತು, ಒಂದೊಂದು ಮಾತಿಗೂ ಕಾವಲು ಕೂತಿರ್ತೀರಿ. ಕಷ್ಟದ ಕೆಲಸ."

ದೊರೆ ಹಲ್ಲು ಕಚ್ಚಿ ಹೂಂ ಎಂದ. ಅಮೋವಾನಿಗೆ ಟ್ವಿಯಲ್ಲಿ ಹೇಳಿದ: "ಆ ತೋಟ ಯಾರದು?"

ಅಮೋವಾ ಎದ್ದು ನಿಂತು, ಬೆಡಿಯಾಕೋನತ್ತ ತಿರುಗಿ, ಟ್ವಿಯಲ್ಲಿ: "ಆ ತೋಟ ಯಾರದು?"

ಬೆಡಿಯಾಕೋ ಬಾಗಿ, ಅರಸರಿಗೆ: "ಆ ತೋಟ ಯಾರದು?"

ಅರಸರು ಹಲ್ಲಿಯನ್ನು ಬಿಟ್ಟು, ಸಮಾಧಾನದಿಂದ ತಲೆಯಾಡಿಸಿ, ಬೆಡಿಯಾಕೋನ ಕಿವಿಯಲ್ಲಿ ಉಸುರಿದರು:

"ಉತ್ತರ ಆಮೇಲೆ. ಮೊದಲು, ದೊರೆಗಳ ಟ್ವಿ ಈಗ ಎಷ್ಟೋ ಸುಧಾರಿಸಿದೆ ಅಂತ ತಿಳಿಸು."