ಅರ್ಧ ತಟ್ಟೆಯ ಪಂದ್ಯ

ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಅಳಿಯ ಓವನ್ನಿನ ಬಾಗಿಲು ತೆರೆದು ಟ್ರೇಯನ್ನು ಹೊರಗೆಳೆದ. ತಳದಲ್ಲಿ ಸಿಪ್ಪೆಸಮೇತ ಹೆಚ್ಚಿದ ಸೇಬು, ಅದರ ಮೇಲೆ ಅರೆದ ಖರ್ಜೂರ, ಎಲ್ಲಕ್ಕೂ ಮೇಲೆ ಓಟ್ಸು, ಅಕ್ರೋಟು, ಚಕ್ಕೆಪುಡಿ. ಸಕ್ಕರೆ ಒಂದು ಹರಳೂ ಇಲ್ಲ.

"ಎಲ್ಲಾ ಸರಿ, ಕುದುರೆ ಎಲ್ಲಿ ಕಟ್ಟಿದೀರಿ?" ಎಂದರು, ಆಗಲೇ ಊಟದ ಮೇಜಿಗೆ ಬಂದು ಕೂತಿದ್ದ ಮಾವ.

"ಅಪ್ಪಾ!" ಎಂದು ಮಗಳು ಕಣ್ಣು ಬಿಟ್ಟಳು.

"ಅಲ್ಲಮ್ಮ, ಓಟ್ಸು ಕಾಣಿಸ್ತು. ಯಾರಿಗೆ ಅಂತ ಕೇಳ್ದೆ ಅಷ್ಟೇ."

ಮಾವ ನಲವತ್ತು ವರ್ಷ ಬೇಕರಿ ನಡೆಸಿದವರು. ಹೋದ ವರ್ಷ ಅದನ್ನು ಮಾರಿದ ಮೇಲೆ ಸಂಜೆಯಾದರೆ ಸಾಕು, ಅದೇ ಅಂಗಡಿಗೆ ಗಿರಾಕಿಯಾಗಿ ಹೋಗಿ ಎರಡು ಕ್ರೀಮ್ ಬನ್ ಮುಗಿಸಿ ಬರುತ್ತಿದ್ದರು. ರಕ್ತದಲ್ಲಿ ಸಕ್ಕರೆ ಏರಿ, ಕಾಲ್ಬೆರಳಿನ ಗಾಯ ಮಾಯದೆ, ಡಾಕ್ಟರು ಬೆರಳು ತೆಗೆಯುವ ಮಾತಾಡಿದ್ದರು. ಮಗಳು ಅತ್ತಳು, ಮಾತು ಬಿಟ್ಟಳು. ಮಾವ ಜಗ್ಗಲಿಲ್ಲ. ಸಕ್ಕರೆ ಹಾಕದ ಸಿಹಿ ಎರಡನೇ ತುತ್ತಿಗೇ ಗಂಟಲಲ್ಲಿ ಕೂರುತ್ತದೆ ಎಂಬುದು ಅವರ ವಾದ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅಳಿಯ, ಬಾಯಿಮಾತು ಬೇಡ, ತೂಗಿ ನೋಡೋಣ ಎಂದ. ಹೀಗೆ ಪಂದ್ಯವಾಯಿತು. ಬಡಿಸುವುದು ಇನ್ನೂರು ಗ್ರಾಂ. ಮಾವ ಚಮಚ ಕೆಳಗಿಟ್ಟ ಮೇಲೆ ನೂರು ಗ್ರಾಂ ಅಥವಾ ಹೆಚ್ಚು ಉಳಿದಿದ್ದರೆ ಅವರ ಬನ್ನಿನ ಸುದ್ದಿಗೆ ಯಾರೂ ಬರಕೂಡದು. ಅದಕ್ಕಿಂತ ಕಡಿಮೆ ಉಳಿದಿದ್ದರೆ ಅವರು ಮತ್ತೆ ಆ ಬೇಕರಿಯ ಮೆಟ್ಟಿಲು ಹತ್ತಕೂಡದು.

"ಮೂಸಿ ನೋಡಿ ಸಾಕು ಅಂದ್ಬಿಟ್ರೆ?" ಎಂದು ಮಗಳು ಹಿಂದಿನ ರಾತ್ರಿಯೇ ಗಂಡನನ್ನು ಕೇಳಿದ್ದಳು. "ಬೇಕರಿಯೋರು ಕಣೇ, ರುಚಿ ನೋಡ್ದೆ ತಳ್ಳಲ್ಲ" ಎಂದಿದ್ದ ಆತ.

ಅಳಿಯ ಖಾಲಿ ತಟ್ಟೆಯನ್ನು ಅಡುಗೆ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಹಬೆಯಾಡುವ ಸೇಬನ್ನು ತೂಗಿ ಬಡಿಸಿದ. ಮಾವ ಒಂದು ಚಮಚ ಬಾಯಿಗಿಟ್ಟರು. ಇನ್ನೊಂದು. ಮುಖದಲ್ಲಿ ಏನೂ ಕಾಣಿಸಲಿಲ್ಲ.

"ಹೇಗಿದೆ ಮಾವ?"

"ಹೇಗಿರತ್ತೆ? ಕಷಾಯ ಇದ್ದ ಹಾಗಿದೆ" ಎಂದು ಮೂರನೆಯದನ್ನು ತೆಗೆದುಕೊಂಡರು. "ಈ ಮೂಲೆ ಸೀದಿರೋ ಹಾಗಿದೆ, ನೋಡ್ತೀನಿ." ನೋಡಿದರು. "ಆ ಮೂಲೇನೂ ಸೀದಿರಬೇಕು." ಅದನ್ನೂ ನೋಡಿದರು. ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ದಪ್ಪನೆಯ ಅಕ್ರೋಟಿನ ತುಂಡೊಂದರ ಮೇಲೆ ಚಮಚ ಗಿಡುಗನ ಹಾಗೆ ಎರಡು ಸುತ್ತು ಸುತ್ತಿತು. ಆಮೇಲೆ ಮಾವ, ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಜೋಪಾನವಾಗಿ ಚಮಚವನ್ನು ಮೇಜಿನ ಮೇಲಿಟ್ಟರು. ತಟ್ಟೆಯನ್ನು ಅಂಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಒಮ್ಮೆ ಮೇಲೆ ಕೆಳಗೆ ಆಡಿಸಿದರು.

"ತಟ್ಟೆ ಬಿಟ್ಟು ನೂರಾ ಒಂದು ಗ್ರಾಂ. ನಾನು ಗೆದ್ದೆ."

ಅಳಿಯ ತಟ್ಟೆಗೆ ಕೈ ನೀಡಿದ. "ತಡೀರಿ ಮೇಷ್ಟ್ರೇ, ಇದು ಎಂಥ ಕೈ ಅಂತ ಮೊದಲು ಕೇಳಿ" ಎಂದು ಮಾವ ತಟ್ಟೆಯನ್ನು ಮುಂದಿಟ್ಟುಕೊಂಡು, ಕರೆಂಟು ಹೋದ ಕತ್ತಲಲ್ಲಿ ಮುನ್ನೂರು ಜನಕ್ಕೆ ಒಂದೇ ಅಳತೆಯಲ್ಲಿ ಕೇಕು ಕತ್ತರಿಸಿದ ಕತೆ ಶುರುಮಾಡಿದರು. ತಟ್ಟೆಯಿಂದ ಆವಿ ಏಳುತ್ತಿತ್ತು. ಅಳಿಯನ ಕಣ್ಣು ಅದರ ಮೇಲೆಯೇ ಇತ್ತು. ಆವಿಯೆಂದರೆ ನೀರು, ನೀರೆಂದರೆ ತೂಕ. ಸುಮ್ಮನಿರುವುದು ಮೋಸವೆನಿಸಿತು. "ಮಾವ, ಒಂದ್ನಿಮಿಷ, ಇದು ಬಿಸಿ..." ಎನ್ನುವಷ್ಟರಲ್ಲಿ ಮೇಜಿನ ಕೆಳಗೆ ಹೆಂಡತಿಯ ಹಿಮ್ಮಡಿ ಅವನ ಪಾದದ ಮೇಲೆ ಕೂತಿತು.

"ಆಮೇಲೆ ಏನಾಯ್ತಪ್ಪ?" ಎಂದಳು ಆಕೆ, ಹುಟ್ಟಿದಾಗಿನಿಂದ ಕೇಳುತ್ತ ಬಂದ ಕತೆಯನ್ನು ಇವತ್ತೇ ಕೇಳುತ್ತಿರುವವಳಂತೆ.

ಏನೇನೋ ಆಯಿತು. ಮೋಂಬತ್ತಿ ಬಂತು, ಆರಿತು, ಮತ್ತೆ ಬಂತು. ಕೊನೆಯ ತುಂಡು ಕೊನೆಯ ಅತಿಥಿಯ ಕೈ ಸೇರುವ ಹೊತ್ತಿಗೆ ತಟ್ಟೆಯ ಮೇಲಿನ ಆವಿ ನಿಂತಿತ್ತು. ಮಾವ ತಾವೇ ತಟ್ಟೆಯನ್ನು ತಕ್ಕಡಿಗೆ ಇಟ್ಟರು.

ತೊಂಬತ್ತೆಂಟು.

ಅಳಿಯ ತಲೆ ತಗ್ಗಿಸಿ, "ನೀವು ಹೇಳಿದ್ದು ಸರಿಯಾಗೇ ಇತ್ತು ಮಾವ. ಮಾತಾಡ್ತಾ ಮೂರು ಗ್ರಾಂ ಆವಿಯಾಗಿ ಹೋಯ್ತು. ನಾನು ಹೇಳಬೇಕಿತ್ತು. ಬೇಡ, ಪಂದ್ಯ ರದ್ದು ಮಾಡೋಣ" ಎಂದ.

"ರದ್ದೂ ಇಲ್ಲ ಗಿದ್ದೂ ಇಲ್ಲ!" ಮಾವ ಎಷ್ಟು ಬೇಗ ಹೇಳಿದರೆಂದರೆ ಅಳಿಯ ಬೆಚ್ಚಿದ. "ಸೋತೆ ಅಂದ್ರೆ ಸೋತೆ. ನಾಳೆಯಿಂದ ಆ ಕಡೆ ತಲೆ ಹಾಕಿ ಮಲಗೋದೂ ಇಲ್ಲ." ಅಷ್ಟರಲ್ಲಿ ತಟ್ಟೆ ತಕ್ಕಡಿಯಿಂದಿಳಿದು ಅವರ ಎದುರಿಗೆ ಬಂದಿತ್ತು, ಚಮಚ ಕೈಯಲ್ಲಿತ್ತು, ಅಕ್ರೋಟು ಬಾಯಲ್ಲಿತ್ತು.

ಅಳಿಯನಿಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಪಾಪ ಕಣೇ," ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ, "ಆವಿಯಾಗತ್ತೆ ಅಂತ ಅವರಿಗೆ ಹೊಳೀಲೇ ಇಲ್ಲ."

"ಹೊಳೀದೆ ಏನು?" ಎಂದಳು ಆಕೆ, ಪಿಸುಗುಟ್ಟುವ ಗೋಜಿಗೇ ಹೋಗದೆ. "ಬಿಸಿ ಬ್ರೆಡ್ಡು ಆರೋಕೆ ಮುಂಚೆ ತೂಗಿದ್ದಕ್ಕೆ ಎಷ್ಟು ಜನ ಕೆಲಸದೋರು ಇವರ ಹತ್ರ ಬೈಸಿಕೊಂಡಿದ್ದಾರೆ, ಗೊತ್ತಾ?"

ಮಾವ ಏನೂ ಕೇಳಿಸದವರಂತೆ, ತಟ್ಟೆಯ ಅಂಚಿಗೆ ಅಂಟಿದ್ದ ಖರ್ಜೂರವನ್ನು ಬೆರಳಿನಿಂದ ಬಳಿದುಕೊಂಡರು. ಆಮೇಲೆ ತಟ್ಟೆಯನ್ನು ಮತ್ತೆ ತಕ್ಕಡಿಗಿಟ್ಟು, ಅಳಿಯನ ಕಡೆಗೆ ತಳ್ಳಿದರು.

ಸೊನ್ನೆ ಗ್ರಾಂ.