ಅಂಚಿಲ್ಲದ ಫೋಟೋ

ಎಲ್ಲರ ಫೋಟೋಗೂ ಬಂಗಾರದ ಬಣ್ಣದ ಅಂಚು ಬರಲಿ, ಒಡೆಟ್‌ಳ ಫೋಟೋ ಒಂದನ್ನು ಬಿಟ್ಟು. ಕಂಪನಿಯ ವೆಬ್‌ಸೈಟಿನ ‘ನಮ್ಮ ತಂಡ’ ಪುಟಕ್ಕೆ ಈ ಅರ್ಥದ ಒಂದು ಸಾಲು ಕೋಡ್ ಬರೆದು ಕಳಿಸಿದ ಮೇಲೆ ಮೆರಿಲ್‌ಗೆ ಮೂರು ದಿನದಲ್ಲಿ ಮೊದಲ ಸಲ ಕಾಫಿ ರುಚಿಸಿತು. ಡುಲುತ್ ಊರಿನ ಆ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ವೆಬ್ ಪುಟ ಕಟ್ಟುತ್ತಿದ್ದವನು ಅವನು. ಎಂಟು ತಿಂಗಳ ಹಿಂದೆ ಬಂದ ಒಡೆಟ್ ಸೋಮವಾರ ತಂಡದ ಮುಖ್ಯಸ್ಥೆಯಾಗಿದ್ದಳು. ಅಭಿನಂದನೆಯ ಕೇಕನ್ನು ಕತ್ತರಿಸಿ ಹಂಚಿದ್ದೂ ಅವನೇ. ತನ್ನ ಪಾಲನ್ನು ಮಾತ್ರ ತಿಂದಿರಲಿಲ್ಲ.

ಅಲ್ಲಿ ಮುಖ್ಯಸ್ಥರು ಓದಿ ಒಪ್ಪದೆ ಯಾವ ಸಾಲೂ ಸೈಟಿಗೆ ಹೋಗುವಂತಿರಲಿಲ್ಲ. ಈಗ ಆ ಮುಖ್ಯಸ್ಥೆ ಯಾರೆಂಬುದು ಮೆರಿಲ್‌ನ ಹೊಟ್ಟೆಗೆ ಚೆನ್ನಾಗಿ ನೆನಪಿತ್ತು, ಬೆರಳುಗಳಿಗೆ ಮರೆತುಹೋಗಿತ್ತು.

“ಮೆರಿಲ್, ಒಂದ್ನಿಮಿಷ ಬಾ,” ಎಂದು ಒಡೆಟ್ ಕರೆದಳು. ಅವಳ ಪರದೆಯ ಮೇಲೆ ಹನ್ನೊಂದು ಮುಖಗಳು ಮಿನುಗುತ್ತಿದ್ದವು. ಹನ್ನೆರಡನೆಯದು, ಅವಳದು, ಅಂಚಿಲ್ಲದೆ ಬರಿದಾಗಿತ್ತು, ಕಣ್ಣು ನೇರ ಅಲ್ಲಿಗೇ ಹೋಗುತ್ತಿತ್ತು. ಕಾಫಿ ಕಪ್ ಹಿಡಿದು ಹಾದುಹೋಗುತ್ತಿದ್ದ ಮಾಲಕಿ ಡೆನೀಸ್ ಬಗ್ಗಿ ನೋಡಿದಳು.

“ನಾವೆಲ್ಲ ಕ್ರಿಸ್ಮಸ್ ಬಿಸ್ಕತ್ತಿನ ಡಬ್ಬಿ ಥರ ಕಾಣ್ತಿದೀವಿ. ಎದ್ದು ಕಾಣೋದು ಒಡೆಟ್ ಒಬ್ಳೇ. ಹೊಸ ಮುಖ್ಯಸ್ಥೆ ಅಂತ ಹೇಳ್ಬೇಕಾಗೇ ಇಲ್ಲ. ಯಾರದಿದು ಐಡಿಯಾ?”

“ಮೆರಿಲ್‌ದು,” ಎಂದಳು ಒಡೆಟ್, ಅವನ ಮುಖವನ್ನೇ ನೋಡುತ್ತ. “ನನ್ನ ಹೆಸರು ಹಿಡಿದೇ ಬರೆದಿದಾನೆ. ಅಲ್ವೇನೋ?”

ಬೇಡ, ತೆಗೆದುಬಿಡೋಣ ಎನ್ನಬೇಕಾದರೆ ಹಾಕಿದ್ದು ಯಾಕೆಂದು ಹೇಳಬೇಕಿತ್ತು. “ಹೂಂ,” ಎಂದ ಮೆರಿಲ್, “ನಂದೇ.”

ಒಡೆಟ್ ಒಪ್ಪಿಗೆಯ ಗುಂಡಿ ಒತ್ತಿದಳು.